ಅಣ್ಣನ ತಡವುಗೋಲು

ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರಯೋಗಾಲಯದಲ್ಲಿ, ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಏಳು ಕೋಲುಗಳು ನಿಂತಿವೆ. ಎಲ್ಲವೂ ಮುಕ್ಕಾಲು ಇಂಚಿನ ಪಿವಿಸಿ ಪೈಪುಗಳು. ಕೆಲವಕ್ಕೆ ಬಿಳಿ ಬಣ್ಣ ಹೊಡೆಯಲಾಗಿದೆ, ಕೆಲವಕ್ಕೆ ಬಿಳಿಯ ಇನ್ಸುಲೇಷನ್ ಟೇಪು ಸುತ್ತಲಾಗಿದೆ. ಮೊಣಕಾಲಿನ ಎತ್ತರದಲ್ಲಿ ಎರಡು ದುಂಡು ಕಣ್ಣುಗಳಂತೆ ಕಾಣುವ ಸೆನ್ಸರ್, ಅದರ ಮೇಲೆ ಕೇಬಲ್ ಟೈನಿಂದ ಬಿಗಿದ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ, ಹಿಡಿಯ ಬಳಿ ಒಂದು ಬಜರ್. ಪ್ರತಿಯೊಂದೂ ಒಂದೊಂದು ವರ್ಷದ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟು. ವರದಿಯ ಹೊದಿಕೆಯ ಮೇಲೆ ಹೆಚ್ಚುಕಡಿಮೆ ಒಂದೇ ಶೀರ್ಷಿಕೆ: ಅಂಧರಿಗಾಗಿ ಅಗ್ಗದ ಸ್ಮಾರ್ಟ್ ಊರುಗೋಲು. ಪರೀಕ್ಷೆಯ ದಿನ ವಿದ್ಯಾರ್ಥಿಯೊಬ್ಬ ಕೋಲನ್ನು ನೆಟ್ಟಗೆ ಹಿಡಿದು ಗೋಡೆಯ ಕಡೆಗೆ ನಾಲ್ಕು ಹೆಜ್ಜೆ ಇಡುತ್ತಾನೆ, ಬಜರ್ ಕೂಗುತ್ತದೆ, ಹೊರಗಿನಿಂದ ಬಂದ ಪರೀಕ್ಷಕರು ತಲೆಯಾಡಿಸುತ್ತಾರೆ, ಅಂಕ ಬೀಳುತ್ತದೆ. ಆಮೇಲೆ ಕೋಲು ಬೀರುವಿನ ಸಂದಿಗೆ ಸೇರುತ್ತದೆ. ಈ ಏಳರಲ್ಲಿ ಐದಕ್ಕೆ ಮಾರ್ಗದರ್ಶಕನೆಂದು ಸಹಿ ಹಾಕಿದವನು ನಾನೇ ಆದ್ದರಿಂದ ಈ ಮಾತನ್ನು ಬೇರೆ ಯಾರನ್ನೋ ಹಂಗಿಸಲು ಬರೆಯುತ್ತಿಲ್ಲ.

ಹಾಸನದಲ್ಲಿ ಹದಿನಾರು ವರ್ಷದಿಂದ ಪಾಠ ಮಾಡುತ್ತಿರುವ ನನಗೆ ಈ ಕೋಲುಗಳ ಬಗ್ಗೆ ನಾಚಿಕೆಯಾಗಲು ಇನ್ನೊಂದು ಕಾರಣವಿದೆ. ನನ್ನ ಸ್ವಂತ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಸಾಲಗಾಮೆ ರಸ್ತೆಯಿಂದ ಒಳಗೆ ಹೋದರೆ ಸಿಗುವ ಬಡಾವಣೆಯೊಂದರಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅವನ ಮನೆ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದ ಅವನಿಗೆ ಬಂದದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆ ಇರುಳುಗುರುಡಿನಿಂದ ಶುರುವಾಗಿ, ಅಕ್ಕಪಕ್ಕದ ನೋಟವನ್ನು ವರ್ಷ ವರ್ಷವೂ ಅಂಚಿನಿಂದ ಕತ್ತರಿಸುತ್ತಾ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದಷ್ಟೇ ಉಳಿಸಿ, ಹಲವರಲ್ಲಿ ಅದನ್ನೂ ಮುಚ್ಚುತ್ತದೆ. ನಮ್ಮ ತಾಯಿ ನಮ್ಮ ತಂದೆಗೆ ಸ್ವಂತ ಅಕ್ಕನ ಮಗಳು. ಹತ್ತಿರದ ನೆಂಟಸ್ತಿಕೆಯ ಮದುವೆಗಳಲ್ಲಿ ತಂದೆತಾಯಿ ಇಬ್ಬರೂ ಒಂದೇ ದೋಷಯುಕ್ತ ವಂಶವಾಹಿಯನ್ನು ಹೊತ್ತಿರುವ ಸಾಧ್ಯತೆ ಹೆಚ್ಚು, ಹಾಗೆ ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇಬ್ಬರಲ್ಲಿ ಅಣ್ಣನ ಪಾಲಿಗೆ ಅದು ಬಂತು, ನನ್ನ ಪಾಲಿಗೆ ಬರಲಿಲ್ಲ. ಐವತ್ತು ತುಂಬುವ ಹೊತ್ತಿಗೆ ಅವನು ಸ್ವಯಂನಿವೃತ್ತಿ ಪಡೆದ. ಈಗ ಹಗಲೋ ರಾತ್ರಿಯೋ ಎಂಬುದನ್ನು ಕಿಟಕಿಯ ಕಡೆ ಮುಖ ಮಾಡಿ ಹೇಳಬಲ್ಲ, ಅಷ್ಟೇ.

ಐದು ವರ್ಷದ ಹಿಂದೆ ಒಂದು ಸಂಜೆ, ಆ ವರ್ಷದ ಕೋಲು ಚೆನ್ನಾಗಿದೆಯೆಂಬ ಹೆಮ್ಮೆಯಲ್ಲಿ ಅದನ್ನು ಅಣ್ಣನ ಮನೆಗೆ ಒಯ್ದೆ. ಅತ್ತಿಗೆ ಕಾಫಿ ತರುವಷ್ಟರಲ್ಲಿ ಅವನು ಅದನ್ನು ಮೇಲಿಂದ ಕೆಳಗಿನವರೆಗೆ ಸವರಿ ನೋಡಿದ. ವೈರುಗಳನ್ನು ಮುಟ್ಟಿದಾಗ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ತಾನು ದಿನವೂ ಹಿಡಿಯುವ ಹಾಗೆ, ಹೊಕ್ಕುಳ ಮಟ್ಟದಲ್ಲಿ ಹಿಡಿ, ಎರಡು ಹೆಜ್ಜೆ ಮುಂದೆ ನೆಲದ ಮೇಲೆ ತುದಿ, ಹೀಗೆ ಓರೆಯಾಗಿ ಹಿಡಿದು ಗೇಟಿನ ಕಡೆಗೆ ನಡೆದ. ಬಜರ್ ಕೂಗಲಿಲ್ಲ. ತುದಿ ಗೇಟಿಗೆ ಟಣ್ ಎಂದು ಬಡಿದ ಮೇಲೆ ಅವನು ನಿಂತ. ನನಗೆ ಮುಖಭಂಗವಾಯಿತು. ನೆಟ್ಟಗೆ ಹಿಡಿದು ನೋಡು ಎಂದೆ. ನೆಟ್ಟಗೆ ಹಿಡಿದ ತಕ್ಷಣ ಅದು ಗೇಟಿಗೂ, ತುಳಸಿಕಟ್ಟೆಗೂ, ನಿಲ್ಲಿಸಿದ್ದ ಸ್ಕೂಟರಿಗೂ ಒಂದೇ ಸಮನೆ ಕಿರುಚತೊಡಗಿತು. ಪಕ್ಕದ ಮನೆಯ ನಾಯಿ ಅದಕ್ಕೆ ದನಿಗೂಡಿಸಿತು.

ಕಾರಣ ಸರಳವಾಗಿತ್ತು, ಆದರೆ ಏಳು ವರ್ಷ ನಮಗೆ ಯಾರಿಗೂ ಹೊಳೆದಿರಲಿಲ್ಲ. ಕೋಲು ನೆಟ್ಟಗಿದ್ದಾಗ ನೇರ ಮುಂದಕ್ಕೆ ನೋಡುವ ಸೆನ್ಸರ್, ಕೋಲನ್ನು ಓರೆಮಾಡಿದೊಡನೆ ಅಷ್ಟೇ ಕೋನದಲ್ಲಿ ಆಕಾಶದ ಕಡೆಗೆ ತಿರುಗುತ್ತದೆ. ನಾವು ಮಾಡಿದ್ದು ಕರೆಂಟು ತಂತಿಗಳನ್ನು ನೋಡುವ ಕೋಲು. ಅದನ್ನು ತಯಾರಿಸಿದ ನಾಲ್ವರೂ, ಸಹಿ ಹಾಕಿದ ನಾನೂ, ಕೋಲೆಂದರೆ ನಮ್ಮ ಅಜ್ಜ ಹಿಡಿಯುತ್ತಿದ್ದ ಹಾಗೆ ಪಾದದ ಪಕ್ಕದಲ್ಲಿ ನೆಟ್ಟಗೆ ಊರುವ ವಸ್ತು ಎಂದೇ ತಿಳಿದಿದ್ದೆವು. ಅಣ್ಣ ಇದನ್ನು ಕೇಳಿ ನಕ್ಕ. "ನಿಮ್ಮ ಶೀರ್ಷಿಕೆಯಲ್ಲೇ ತಪ್ಪಿದೆ ಕಣೋ. ನಾನು ಇದನ್ನು ಊರುವುದಿಲ್ಲ, ತಡವುತ್ತೇನೆ. ಇದು ಊರುಗೋಲಲ್ಲ, ತಡವುಗೋಲು," ಎಂದ. ಕನ್ನಡ ಮೇಷ್ಟರ ಚಟ, ಪದ ಸಿಕ್ಕರೆ ಬಿಡುವುದಿಲ್ಲ. ಆದರೆ ಆ ಪದದಲ್ಲಿ ನಮ್ಮ ವಿಭಾಗದ ಏಳು ವರದಿಗಳಲ್ಲಿ ಇಲ್ಲದಷ್ಟು ವಿಷಯವಿತ್ತು.

ಆಮೇಲೆ ಅವನು ಹೇಳಿದ ಎರಡನೆಯ ಮಾತು ನನಗೆ ಇನ್ನೂ ಮುಖ್ಯವೆನಿಸಿತು. "ಇದು ಕೂಗುತ್ತಿದ್ದರೆ ನನಗೆ ರಸ್ತೆ ಕೇಳಿಸುವುದಿಲ್ಲ." ಕಣ್ಣಿಲ್ಲದವನು ನಡೆಯುವುದು ಕಿವಿಯಿಂದ ಎಂಬುದು ನಮಗೆ ಗೊತ್ತಿರುವ ಹಾಗಿರುತ್ತದೆ, ಗೊತ್ತಿರುವುದಿಲ್ಲ. ಬೇಕರಿಯ ಒಲೆಯ ಗಾಳಿಯ ಸದ್ದು, ಹಿಟ್ಟಿನ ಗಿರಣಿಯ ಪಟ್ಟಿ ಹೊಡೆದುಕೊಳ್ಳುವ ಸದ್ದು, ಎರಡು ಮನೆಗಳ ನಡುವೆ ಖಾಲಿ ನಿವೇಶನ ಬಂದಾಗ ತನ್ನದೇ ಚಪ್ಪಲಿಯ ಸದ್ದು ತೆಳುವಾಗುವುದು, ಇವೆಲ್ಲ ಅಣ್ಣನಿಗೆ ಬೀದಿಯ ಬೋರ್ಡುಗಳು. ಕೋಲಿನ ತುದಿ ನೆಲಕ್ಕೆ ತಾಗಿದ ಸದ್ದಿನಿಂದಲೇ ಅವನು ಮಣ್ಣು, ಡಾಂಬರು, ಚಪ್ಪಡಿ, ಚಪ್ಪಡಿಯ ಕೆಳಗಿನ ಪೊಳ್ಳು ಇವನ್ನು ಬೇರೆ ಬೇರೆ ಗುರುತಿಸುತ್ತಾನೆ. ನಾವು ಕಣ್ಣಿಗೆ ಬದಲಾಗಿ ಸೆನ್ಸರ್ ಕೊಡುತ್ತೇವೆಂದು ಹೋಗಿ, ಇದ್ದ ಕಿವಿಯನ್ನೂ ಬಜರಿನಿಂದ ಮುಚ್ಚಿದ್ದೆವು. ಕೋಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದಾಗ ಅದು 640 ಗ್ರಾಂ ಇತ್ತು, ಅವನ ಮಡಚುವ ಅಲ್ಯೂಮಿನಿಯಂ ಕೋಲು 240 ಗ್ರಾಂ. ಒಂದು ತಾಸು ಮಣಿಕಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುವವನಿಗೆ ಈ ವ್ಯತ್ಯಾಸವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿ ಕೋಲಿನ ಚರಿತ್ರೆಯನ್ನು ನಾನು ಓದಿದ್ದು ಆ ಸಂಜೆಯ ನಂತರವೇ. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕ, ಮನೆಯ ಸುತ್ತ ಓಡಾಡುವ ಮೋಟಾರು ವಾಹನಗಳಿಗೆ ತಾನು ಕಾಣಬೇಕೆಂದು ತನ್ನ ಕೋಲಿಗೆ ಬಿಳಿ ಬಣ್ಣ ಬಳಿದ. ಅಂದರೆ ಬಿಳಿ ಬಣ್ಣ ಹುಟ್ಟಿದ್ದು ಹಿಡಿದವನಿಗಾಗಿ ಅಲ್ಲ, ಎದುರಿನಿಂದ ಬರುವವರಿಗಾಗಿ. ಅದನ್ನು ನೆಲ ತಡವುವ ಸಾಧನವಾಗಿ ಬಳಸುವ ಕ್ರಮಬದ್ಧ ವಿಧಾನ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಕಣ್ಣು ಕಳೆದುಕೊಂಡು ಬಂದ ಅಮೆರಿಕದ ಸೈನಿಕರಿಗೆ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟ ರಿಚರ್ಡ್ ಹೂವರ್, ಎದೆಮಟ್ಟಕ್ಕೆ ಬರುವಷ್ಟು ಉದ್ದದ ಹಗುರ ಕೋಲನ್ನು ಭುಜದ ಅಗಲಕ್ಕಿಂತ ತುಸು ಹೆಚ್ಚು ಅಗಲದಲ್ಲಿ ಆಚೀಚೆ ಆಡಿಸುವುದನ್ನು ಕಲಿಸಿದರು. ಎಡಗಾಲು ಮುಂದಿಟ್ಟಾಗ ತುದಿ ಬಲಕ್ಕೆ, ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಅಣ್ಣ ಬೆಂಗಳೂರಿನಲ್ಲಿ ಮೂರು ವಾರ ಇದ್ದು ಕಲಿತು ಬಂದದ್ದೂ ಇದನ್ನೇ. ಕೆಲವು ನೂರು ರೂಪಾಯಿಯ ಆ ಕೋಲು, ಬ್ಯಾಟರಿಯಿಲ್ಲದೆ, ಮಳೆಯಲ್ಲಿ ನೆನೆದರೂ ಕೆಡದೆ, ಗುಂಡಿ, ಮೆಟ್ಟಿಲು, ಮೋರಿಯ ಅಂಚು ಇವನ್ನು ಹೇಳುತ್ತದೆ. ಇದಕ್ಕಿಂತ ಸ್ಮಾರ್ಟ್ ಆದದ್ದನ್ನು ನಾವು ಮಾಡಬೇಕಾದರೆ, ಇದು ಹೇಳದೆ ಬಿಡುವುದೇನು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಅದು ಹೇಳದೆ ಬಿಟ್ಟದ್ದರ ಗುರುತು ಅಣ್ಣನ ಹಣೆಯ ಮೇಲಿದೆ. ಕಟ್ಟಿನಕೆರೆ ಮಾರುಕಟ್ಟೆಯ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಅಂಗಡಿಯೊಂದರ ಮುಂದೆ ಬಿಸಿಲಿಗೆಂದು ಇಳಿಬಿಟ್ಟಿದ್ದ ತಗಡಿನ ಮೂಲೆ ಅವನ ಹುಬ್ಬಿನ ಮೇಲೆ ತಾಗಿ ಮೂರು ಹೊಲಿಗೆ ಬಿತ್ತು. ನೆಲದಲ್ಲಿ ಏನೂ ಇರಲಿಲ್ಲ, ಕೋಲಿನ ತುದಿ ಸಲೀಸಾಗಿ ಆ ಕಡೆಯಿಂದ ಈ ಕಡೆಗೆ ಹೋಗಿಬಂದಿತ್ತು. ಸೊಂಟದಿಂದ ಮೇಲಿನದು ಯಾವುದೂ ಬಿಳಿ ಕೋಲಿಗೆ ಸಿಗುವುದಿಲ್ಲ. ನಮ್ಮ ಊರುಗಳಲ್ಲಿ ಸೊಂಟದ ಮೇಲೆ ಇರುವುದಾದರೂ ಕಡಿಮೆಯೇ? ಗೂಡ್ಸ್ ಆಟೋದ ತೆರೆದಿಟ್ಟ ಹಿಂಬಾಗಿಲು, ಲಾರಿಯಿಂದ ಹೊರಚಾಚಿದ ಕಬ್ಬಿಣದ ಸರಳು, ಬಗ್ಗಿದ ಮರದ ಕೊಂಬೆ, ಬಾಳೆಗೊನೆ ತೂಗುಹಾಕಿದ ಅಂಗಡಿಯ ಕೊಕ್ಕೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಊರಿನ ತುಂಬ ಜನ, ಸಾಲು ನಿಲ್ಲಲು ಅಡ್ಡ ಕಟ್ಟಿದ ಗಳಗಳು. ನೆಲದಿಂದ ಮೂರು ಅಡಿ ಮೇಲೆ ಒಂದು ಅಡ್ಡಗಳ, ಅದರ ಕೆಳಗೆ ಖಾಲಿ. ಕೋಲು ಅದರಡಿ ನುಸುಳುತ್ತದೆ, ಹಿಡಿದವನ ಹೊಟ್ಟೆ ಗಳಕ್ಕೆ ಬಡಿಯುತ್ತದೆ. ಬಿಳಿ ಕೋಲಿನ ದಿನವೆಂದು ಆಚರಿಸುವ ಅಕ್ಟೋಬರ್ 15 ಕೆಲವು ವರ್ಷ ಇದೇ ದಿನಗಳಲ್ಲಿ ಬರುತ್ತದೆ.

ಹಾಗಾಗಿ ಸೆನ್ಸರ್ ಬೇಕಾದದ್ದು ನೆಲಕ್ಕಲ್ಲ, ಮೇಲಕ್ಕೆ. ಇಲ್ಲಿಗೆ ಬಂದ ಮೇಲೆ ನಮ್ಮ ವಿದ್ಯೆಗೆ ಕೆಲಸವಿದೆ. ನಮ್ಮ ವಿದ್ಯಾರ್ಥಿಗಳೆಲ್ಲ ಬಳಸುವ, ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವ ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರ್ ಒಂದು ಕಣ್ಣಿನಿಂದ 40 ಕಿಲೋಹರ್ಟ್ಸ್‌ನ ಎಂಟು ಶಬ್ದತುಣುಕುಗಳನ್ನು ಹೊರಡಿಸಿ, ಇನ್ನೊಂದು ಕಣ್ಣಿನಿಂದ ಮರುದನಿಗೆ ಕಾಯುತ್ತದೆ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ಆದ್ದರಿಂದ ಇದು ಯಾರಿಗೂ ಕೇಳಿಸದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, ಎರಡು ಮೀಟರ್ ದೂರದ ತಗಡಿಗೆ ಬಡಿದು ಹಿಂದಿರುಗಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಹನ್ನೆರಡರಷ್ಟು ಕಾಲ ಹಿಡಿಯುತ್ತದೆ. ಆ ಕಾಲವನ್ನು ಅಳೆದು ಅರ್ಧಮಾಡಿ ದೂರ ಹೇಳುವುದಷ್ಟೇ ಉಳಿದ ಲೆಕ್ಕ. ಬಾವಲಿಯ ವಿದ್ಯೆ ಎಂದು ಎಲ್ಲ ವರದಿಗಳಲ್ಲೂ ಬರೆದಿರುತ್ತಾರೆ. ನಮ್ಮ ಮರಗಳಲ್ಲಿ ಹಗಲು ಜೋತುಬಿದ್ದಿರುವ ದೊಡ್ಡ ತೊಗಲು ಬಾವಲಿಗಳು ಕಣ್ಣಿನಿಂದಲೇ ನೋಡಿ ಹಾರುತ್ತವೆ, ಮರುದನಿಯ ವಿದ್ಯೆ ಇರುವುದು ಹಳೆಯ ದೇವಸ್ಥಾನಗಳ ಕತ್ತಲೆಯಲ್ಲಿ ಇರುವ ಚಿಕ್ಕವಕ್ಕೆ. ವರದಿಯಲ್ಲಿ ಅಚ್ಚಾಗುವ ಚಿತ್ರ ಮಾತ್ರ ಪ್ರತಿವರ್ಷ ದೊಡ್ಡದರದ್ದೇ.

ಈ ಸೆನ್ಸರಿನ ಸೋಲುಗಳೂ ಅದರ ಭೌತಶಾಸ್ತ್ರದಲ್ಲೇ ಅಡಗಿವೆ. 40 ಕಿಲೋಹರ್ಟ್ಸ್ ಶಬ್ದದ ಅಲೆಯ ಉದ್ದ ಎಂಟೂವರೆ ಮಿಲಿಮೀಟರ್. ಅದಕ್ಕಿಂತ ಬಹಳ ತೆಳ್ಳಗಿನ ಬಟ್ಟೆ ಒಣಗಿಸುವ ತಂತಿಯಿಂದ ಮರುದನಿ ಹೇಳಿಕೊಳ್ಳುವಷ್ಟು ಬಾರದು. ಓರೆಯಾದ ನುಣುಪು ಮೈ, ಅಂದರೆ ಕಾರಿನ ಮುಂಗಾಜಿನಂಥದ್ದು, ಶಬ್ದವನ್ನು ಬೇರೆ ದಿಕ್ಕಿಗೆ ಎಸೆಯುತ್ತದೆ. ಉಣ್ಣೆ, ಹತ್ತಿಯಂಥ ಮೆತ್ತನೆಯ ವಸ್ತು ಅದನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಎದುರು ನಿಂತ ರೈತನೊಬ್ಬ, ಸಿಮೆಂಟಿನ ಕಂಬದಷ್ಟು ಸ್ಪಷ್ಟವಾಗಿ ಈ ಸೆನ್ಸರಿಗೆ ಕಾಣುವುದಿಲ್ಲ. ಎದುರಿನಿಂದ ವೇಗವಾಗಿ ಬರುವ ವಾಹನಕ್ಕಂತೂ ಇದು ಉತ್ತರವೇ ಅಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರ್ ಮೂರು ಮೀಟರನ್ನು ದಾಟಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಸದ್ದಿಲ್ಲದ ವಿದ್ಯುತ್ ಸ್ಕೂಟರುಗಳು ಬಂದ ಮೇಲೆ ಅಣ್ಣನಿಗೆ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆ ದಾಟುವುದು ಮೊದಲಿಗಿಂತ ಕಷ್ಟವಾಗಿದೆ, ಮತ್ತು ಅದಕ್ಕೆ ಯಾವ ಕೋಲಿನಲ್ಲೂ ಪರಿಹಾರವಿಲ್ಲ. ಯಾರಾದರೂ ಒಬ್ಬರ ತೋಳು ಹಿಡಿದೇ ಅವನು ದಾಟುತ್ತಾನೆ.

ನಾವು ಎಡವಿದ್ದನ್ನು ನಮಗಿಂತ ಬಹಳ ಮೊದಲೇ ಸರಿಯಾಗಿ ಯೋಚಿಸಿದವರು ನಮ್ಮ ದೇಶದಲ್ಲೇ ಇದ್ದರು. ದೆಹಲಿಯ ಐಐಟಿಯಲ್ಲಿ ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ 2005ರ ಸುಮಾರಿಗೆ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿಯೇ ಹುಟ್ಟಿದ ಸ್ಮಾರ್ಟ್‌ಕೇನ್, ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ನಡುವಿನ ವರ್ಷಗಳು ಹೋದದ್ದು ಸೆನ್ಸರ್ ಹುಡುಕುವುದಕ್ಕಲ್ಲ. ಅಂಧರಿಗಾಗಿ ಕೆಲಸ ಮಾಡುವ ಸಕ್ಷಮ್ ಸಂಸ್ಥೆಯ ಜೊತೆಗೂಡಿ ಬಳಕೆದಾರರ ಕೈಗೆ ಕೊಟ್ಟು ಕೇಳುವುದಕ್ಕೆ, ತಿದ್ದುವುದಕ್ಕೆ, ಮತ್ತೆ ಕೊಡುವುದಕ್ಕೆ, ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಎಂಬ ತಯಾರಕರೊಂದಿಗೆ ಅದನ್ನು ಕಾರ್ಖಾನೆಯಲ್ಲಿ ಮಾಡಬಹುದಾದ ವಸ್ತುವಾಗಿಸುವುದಕ್ಕೆ. ಅದು ಬಿಳಿ ಕೋಲಿನ ಬದಲಿಗೆ ಬಂದ ಕೋಲಲ್ಲ, ಬಿಳಿ ಕೋಲಿನ ಹಿಡಿಗೆ ಸಿಕ್ಕಿಸುವ, ಬೇಡವಾದಾಗ ಬಿಚ್ಚಿಡುವ ಒಂದು ಘಟಕ. ತುದಿಯ ಕೆಲಸವನ್ನು ತುದಿಗೇ ಬಿಟ್ಟು, ಮೊಣಕಾಲಿನಿಂದ ಮೇಲಿನ ಅಡಚಣೆಯನ್ನು ಮಾತ್ರ ನೋಡುತ್ತದೆ. ಕೂಗುವುದಿಲ್ಲ; ದೂರಕ್ಕೆ ತಕ್ಕಂತೆ ಬದಲಾಗುವ ಕಂಪನವನ್ನು ಅಂಗೈಗೆ ಕೊಡುತ್ತದೆ. ಬಯಲಿನಲ್ಲಿ ಮೂರು ಮೀಟರ್, ಮನೆಯೊಳಗೆ 1.8 ಮೀಟರ್ ಎಂದು ಎರಡು ವ್ಯಾಪ್ತಿಗಳಿವೆ. ಮೊಬೈಲಿನ ಹಾಗೆ ಚಾರ್ಜ್ ಮಾಡಬಹುದು. ಬೆಲೆ ಬಿಡುಗಡೆಯಾದಾಗ ಸುಮಾರು 3,000 ರೂಪಾಯಿ. ಇದೇ ಕೆಲಸದ ಇಂಗ್ಲೆಂಡಿನ ಅಲ್ಟ್ರಾಕೇನ್, ತುರ್ಕಿಯ ವೀವಾಕ್ ನಮ್ಮ ಹಣದಲ್ಲಿ ಹತ್ತಾರು ಸಾವಿರ ರೂಪಾಯಿಯ ವಸ್ತುಗಳು.

ಒಂಬತ್ತು ವರ್ಷದ ಆ ಲೆಕ್ಕವನ್ನು ನಾನು ಈಗ ಪ್ರತಿ ಹೊಸ ತಂಡಕ್ಕೂ ಮೊದಲ ದಿನವೇ ಹೇಳುತ್ತೇನೆ. ನಾಲ್ಕು ತಿಂಗಳಲ್ಲಿ ಅಂಧರ ಬದುಕನ್ನು ಬದಲಿಸುವ ಮುನ್ನುಡಿ ಬರೆದುಕೊಂಡು ಬರುವ ಹುಡುಗರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಅಗ್ಗ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಮೂರು ವರ್ಷದ ಹಿಂದೆ ಅಣ್ಣನಿಗೊಂದು ಕಂಪನದ ಸಾಧನವನ್ನು ತರಿಸಿಕೊಟ್ಟೆ. ಮೇಲೆ ಹೇಳಿದ ಯಾವುದೂ ಅಲ್ಲ, ಆನ್‌ಲೈನಿನಲ್ಲಿ ಸಿಕ್ಕ, ಬೆಲೆ ಇನ್ನೂ ಕಡಿಮೆಯ ಬೇರೆಯದು, ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಹದಿನಾಲ್ಕು ತಿಂಗಳು ಅವನು ಅದನ್ನು ಬಹಳ ಇಷ್ಟಪಟ್ಟು ಬಳಸಿದ. ಒಂದು ದಿನ ಅದು ಅಲುಗುವುದನ್ನು ನಿಲ್ಲಿಸಿತು. ದುರಸ್ತಿಗೆ ಅದನ್ನು ಅಂಚೆಯಲ್ಲಿ ಉತ್ತರ ಭಾರತದ ಒಂದು ಊರಿಗೆ ಕಳಿಸಬೇಕೆಂದು ಹೇಳಿದರು, ಕಳಿಸಿದೆವು, ಎರಡೂವರೆ ತಿಂಗಳು ಬಿಟ್ಟು ಹಾಗೆಯೇ ಹಿಂದಿರುಗಿ ಬಂತು. ಆ ಎರಡೂವರೆ ತಿಂಗಳು ಅಣ್ಣ ಮಾರುಕಟ್ಟೆಗೆ ಹೋಗಲಿಲ್ಲ. ಮೊದಲು ಬರಿ ಕೋಲಿನಲ್ಲಿ ಹೋಗುತ್ತಿದ್ದವನೇ, ಆದರೆ ಹಣೆಯ ಮುಂದೆ ಏನಿದೆ ಎಂಬುದು ಒಂದು ವರ್ಷ ಗೊತ್ತಾಗುತ್ತಿದ್ದು ಆಮೇಲೆ ಗೊತ್ತಾಗದೆ ಹೋದರೆ ಧೈರ್ಯ ಮೊದಲಿನ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಅವನೇ ಹೇಳಿದ. ಕೊನೆಗೆ ಒಂದು ಭಾನುವಾರ ಅದನ್ನು ನಮ್ಮ ಊಟದ ಮೇಜಿನ ಮೇಲೆ ಬಿಚ್ಚಿದೆ. ಒಳಗೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಕಂಪನದ ಮೋಟಾರು, ಮೊಬೈಲುಗಳಲ್ಲಿ ಇರುವಂಥದ್ದೇ. ಅದರ ಕೂದಲೆಳೆಯಂಥ ಕೆಂಪು ತಂತಿ, ಬೆಸುಗೆ ಹಾಕಿದ ಬುಡದಲ್ಲೇ ತುಂಡಾಗಿತ್ತು. ದಿನವೂ ಅಲುಗುವ ವಸ್ತುವಿನ ತಂತಿಗೆ ಒಂದು ಹನಿ ಅಂಟು ಹಾಕಿ ಹಿಡಿಸಿರಲಿಲ್ಲ, ಅಷ್ಟೇ. ಹಳೇ ಬಸ್ ನಿಲ್ದಾಣದ ಕಡೆಯ ಮೊಬೈಲ್ ರಿಪೇರಿ ಅಂಗಡಿಯಿಂದ ಹೊಸ ಮೋಟಾರನ್ನು ನಲವತ್ತು ರೂಪಾಯಿಗೆ ತಂದು ಬೆಸೆದೆ. ಬ್ಯಾಟರಿಯೂ ಸ್ವಲ್ಪ ಉಬ್ಬಿತ್ತು, ಅದನ್ನೂ ಬದಲಿಸಿದೆ. ಒಟ್ಟು ಮುನ್ನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಎಲೆಕ್ಟ್ರಾನಿಕ್ಸ್ ಕಲಿತ ತಮ್ಮ ಎರಡು ಬೀದಿ ಆಚೆ ಇಲ್ಲದ ಆಲೂರಿನ ಅಥವಾ ಅರಕಲಗೂಡಿನ ಹಳ್ಳಿಯವನೊಬ್ಬನ ಪಾಲಿಗೆ ಅದೇ ಸಾಧನ ಅಟ್ಟ ಸೇರುತ್ತಿತ್ತು. ಕೊಳ್ಳುವ ಬೆಲೆಯಷ್ಟನ್ನೇ ನೋಡಿ ಅಗ್ಗ ಎನ್ನುವುದು ಈ ಕಾರಣಕ್ಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಊರಿನ ಮೊಬೈಲ್ ರಿಪೇರಿಯವನು ಬಿಚ್ಚಿ ಜೋಡಿಸುವಂತಿದ್ದರೆ ಅದು ಅಗ್ಗ.

ಸರ್ಕಾರದ ದಾರಿಯೂ ಇದೆ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ. ಅದಕ್ಕೆ ಶೇ. 40ರಷ್ಟು ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿಯೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ, ಅಂದರೆ ಸಾಮಾನ್ಯ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದಲೂ ಕಾಣದಿದ್ದರೆ, ಅಥವಾ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ನೋಟದ ನಡುಭಾಗದಲ್ಲಿ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆಂಬ ಕಾರಣಕ್ಕೆ ಅಣ್ಣನಂಥವರು ಎಷ್ಟೋ ವರ್ಷ ಪ್ರಮಾಣಪತ್ರ ಕೇಳುವುದೇ ಇಲ್ಲ. ಈ ಎರಡನೆಯ ಷರತ್ತು ಅವರಿಗಾಗಿಯೇ ಇದೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣುವುದು ಒಳ್ಳೆಯದು. ಆದರೆ ಕೋಲು ಕೈಗೆ ಬಂದ ದಿನವೇ ಅದನ್ನು ಹಿಡಿಯಲು ಕಲಿಸುವವರೂ ಸಿಗಬೇಕು. ನಾನು ಕಂಡ ಒಬ್ಬ ಯುವಕನ ಮನೆಯಲ್ಲಿ ಒಳ್ಳೆಯ ಸಾಧನವೊಂದು ಪೆಟ್ಟಿಗೆ ಸಮೇತ ದೇವರ ಗೂಡಿನ ಪಕ್ಕದಲ್ಲಿತ್ತು. ಅವನಿಗೆ ಬರಿ ಬಿಳಿ ಕೋಲಿನ ತರಬೇತಿಯೂ ಆಗಿರಲಿಲ್ಲ, ಆದ್ದರಿಂದ ಕಂಪನ ಬಂದರೆ ನಿಲ್ಲಬೇಕೋ ತಿರುಗಬೇಕೋ ತಿಳಿಯದೆ ಅವನು ಎರಡೇ ದಿನಕ್ಕೆ ಹೆದರಿ ಬಿಟ್ಟಿದ್ದ.

ಕಳೆದ ವರ್ಷದ ತಂಡಕ್ಕೆ ನಾನೊಂದು ಷರತ್ತು ಹಾಕಿದೆ. ಬೋರ್ಡು ಕೊಳ್ಳುವ ಮೊದಲು ಒಂದು ವಾರ ಅಣ್ಣನ ಹಿಂದೆ ನಡೆಯಬೇಕು, ಮಾತಾಡಬಾರದು, ಎಚ್ಚರಿಸಬಾರದು, ಬರೆದುಕೊಳ್ಳಬೇಕು. ಎಚ್ಚರಿಸಬಾರದೆಂಬುದನ್ನು ಅಣ್ಣನೇ ಸೇರಿಸಿದ್ದು. ನಿಜವಾಗಿ ಪೆಟ್ಟಾಗುವಂತಿದ್ದರೆ ಮಾತ್ರ ಅಂಗಿ ಹಿಡಿದೆಳೆಯಿರಿ ಎಂದು ರಿಯಾಯಿತಿ ಕೊಟ್ಟಿದ್ದ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಬೆಳಿಗ್ಗೆ ಆರೂವರೆಗೆ ಹಾಲಿನ ಬೂತಿನವರೆಗೆ, ಸಂಜೆ ಮಹಾರಾಜ ಪಾರ್ಕಿನ ಕಡೆಗೆ ಅವನ ಹಿಂದೆ ನಡೆದರು. ವಾರದ ಕೊನೆಗೆ ತಂದ ಪಟ್ಟಿಯಲ್ಲಿ, ಅವನ ಕೋಲು ತಾನಾಗಿ ಕಂಡುಹಿಡಿದ ಅಡಚಣೆಗಳು ನೂರಕ್ಕೂ ಹೆಚ್ಚಿದ್ದವು, ಕಂಡುಹಿಡಿಯದೆ ಹೋದವು ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲಿ ಹದಿನೇಳು ಸೊಂಟದ ಮೇಲಿನವು, ಎರಡು ಮಾತ್ರ ನೆಲದವು. ತಂಡದ ಹುಡುಗಿಯೊಬ್ಬಳು, ನಾವು ನೂರನ್ನು ಬಿಟ್ಟು ಹದಿನೇಳಕ್ಕೆ ಮಾಡಿದರೆ ಸಾಕಲ್ಲವೇ ಸರ್ ಎಂದು ಕೇಳಿದಾಗ, ಬೀರುವಿನ ಸಂದಿಯ ಕೋಲುಗಳ ಕಡೆ ನನ್ನ ಕಣ್ಣು ಹೋಯಿತು.

ಅವರು ಮಾಡಿದ್ದು ಸಾಬೂನಿನ ಡಬ್ಬಿಗಿಂತ ಚಿಕ್ಕದಾದ, ಹಿಡಿಯ ಕೆಳಗೆ ಅಂಟುಪಟ್ಟಿಯಿಂದ ಕಟ್ಟುವ ಒಂದು ಪೆಟ್ಟಿಗೆ. ಅಣ್ಣ ಕೋಲು ಹಿಡಿಯುವ ಓರೆಯನ್ನು ಕೋನಮಾಪಕ ಇಟ್ಟು ಅಳೆದು, ಆ ಓರೆಯಲ್ಲಿ ಸೆನ್ಸರ್ ಎದೆಯಿಂದ ಹಣೆಯವರೆಗಿನ ಎತ್ತರವನ್ನು ನೋಡುವ ಹಾಗೆ ಕೂರಿಸಿದರು. ಬಜರ್ ಇಲ್ಲ. ಮೊದಲ ಪ್ರಯತ್ನದಲ್ಲಿ ಕಂಪನ ಎಡೆಬಿಡದೆ ಬರುತ್ತಿತ್ತು, ಏಕೆಂದರೆ ಕೋಲು ಆಚೀಚೆ ಆಡುವಾಗ ಸೆನ್ಸರೂ ಆಡುತ್ತದೆ, ಕಿರಿದಾದ ಓಣಿಯಲ್ಲಿ ಎರಡೂ ಕಡೆಯ ಕಾಂಪೌಂಡುಗಳನ್ನು ಅದು ಅಡಚಣೆಯೆಂದೇ ಹೇಳುತ್ತದೆ. ಸ್ಮಾರ್ಟ್‌ಕೇನಿಗೆ ಎರಡು ವ್ಯಾಪ್ತಿ ಏಕಿದೆ ಎಂಬುದು ಆಗ ಅವರಿಗೆ ತಾವಾಗಿ ಅರ್ಥವಾಯಿತು. ಒಂದು ಚಿಕ್ಕ ಸ್ವಿಚ್ ಇಟ್ಟು ಓಣಿಗೆ 1.2 ಮೀಟರ್, ಬಯಲಿಗೆ 2.5 ಮೀಟರ್ ಮಾಡಿದರು. ಸ್ವಿಚ್ಚನ್ನು ಬೆರಳಿಗೆ ತಿಳಿಯುವಂತೆ ಉಬ್ಬಾಗಿಸಬೇಕು ಎಂದದ್ದು ಅಣ್ಣ. ಬಿಡಿಭಾಗಗಳ ಖರ್ಚು 950 ರೂಪಾಯಿ ಆಯಿತು. ಮೋಟಾರಿನ ತಂತಿಗೆ ಅಂಟು ಹಾಕಿಸಿದ್ದು ನಾನು.

ಜೂನ್ ಬಂತು, ಮಳೆ ಹಿಡಿಯಿತು, ಮೂರನೆಯ ದಿನ ಅದು ಕೆಟ್ಟಿತು. ಸೆನ್ಸರಿನ ಜಾಲರಿಯಂಥ ಎರಡು ಕಣ್ಣುಗಳೊಳಗೆ ನೀರು ಇಳಿದಿತ್ತು. ಹಾಸನದಲ್ಲಿ ಮಳೆ ಸಕಲೇಶಪುರದಷ್ಟಿಲ್ಲ, ಆದರೂ ಹಗಲೆಲ್ಲ ಬಿಡದೆ ಉದುರುವ ಸೋನೆ ಇಂಥ ವಸ್ತುವಿಗೆ ಜೋರು ಮಳೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಜೋರು ಮಳೆಯಲ್ಲಿ ಯಾರೂ ಹೊರಡುವುದಿಲ್ಲ, ಸೋನೆಯಲ್ಲಿ ಎಲ್ಲರೂ ಹೊರಡುತ್ತಾರೆ. ಹುಡುಗರು ಆ ಸೆನ್ಸರನ್ನು ಕಿತ್ತು, ಕಾರಿನ ಹಿಂದಿನ ಬಂಪರಿನಲ್ಲಿ ಪಾರ್ಕಿಂಗಿಗೆಂದು ಕೂರಿಸುವ ಮುಚ್ಚಿದ ಒಂಟಿಕಣ್ಣಿನ ಸೆನ್ಸರನ್ನು ಹಾಕಿದರು. ಇದು ಸುಮಾರು ಒಂದು ಗೇಣಿಗಿಂತ ಹತ್ತಿರದ್ದನ್ನು ನೋಡಲಾರದು, ಆದರೆ ಒಂದು ಗೇಣು ದೂರದಲ್ಲಿ ತಗಡು ಇದೆಯೆಂದು ತಿಳಿದು ಮಾಡುವುದೇನೂ ಇಲ್ಲ. ಖರ್ಚು ಇನ್ನೂರು ಹೆಚ್ಚಾಯಿತು. ಪರೀಕ್ಷೆ ಅಷ್ಟರಲ್ಲಿ ಮುಗಿದು ಅಂಕವೂ ಬಂದಿತ್ತು, ನಾಲ್ವರಲ್ಲಿ ಇಬ್ಬರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿಯಾಗಿತ್ತು. ಉಳಿದ ಇಬ್ಬರು ಬಂದು ಇದನ್ನು ಮಾಡಿಕೊಟ್ಟರು.

ಬಸ್ಸಿನ ವಿಷಯದಲ್ಲಿ ಮಾತ್ರ ನಾವೇನೂ ಮಾಡಲಾಗಲಿಲ್ಲ. ಹೊಸ ಬಸ್ ನಿಲ್ದಾಣದಲ್ಲಿ ಬೇಲೂರಿನ ಬಸ್ಸು ಯಾವುದು, ಅದರ ಬಾಗಿಲು ಎಲ್ಲಿ ಎಂಬುದನ್ನು ಅಣ್ಣ ಈಗಲೂ ಕೇಳಿಯೇ ಹತ್ತುತ್ತಾನೆ. ಬಸ್ಸಿನೊಳಗಿನ ಸ್ಪೀಕರಿನಿಂದ ಮಾರ್ಗದ ಸಂಖ್ಯೆಯನ್ನು ಹೇಳಿಸಿ, ಆ ದನಿಯನ್ನೇ ಹಿಡಿದು ಬಾಗಿಲಿಗೆ ಹೋಗುವಂತೆ ಮಾಡುವ ಆನ್‌ಬೋರ್ಡ್ ಎಂಬ ಸಾಧನವನ್ನೂ ದೆಹಲಿಯ ಅದೇ ಐಐಟಿಯ ತಂಡ ರೂಪಿಸಿದೆ. ಅದಕ್ಕೆ ಬಸ್ಸುಗಳಲ್ಲೂ ಯಂತ್ರ ಕೂರಿಸಬೇಕಾಗುತ್ತದೆ, ನಾಲ್ವರು ವಿದ್ಯಾರ್ಥಿಗಳ ಕೈಯಳತೆಯ ಕೆಲಸ ಅದಲ್ಲ.

ಅಣ್ಣ ಈಗ ಆ ಪೆಟ್ಟಿಗೆಯನ್ನು ಬಳಸುವ ರೀತಿ ನಾವು ಬರೆದುಕೊಟ್ಟ ಸೂಚನೆಯಲ್ಲಿ ಇಲ್ಲ. ಮನೆಯಿಂದ ಮುಖ್ಯರಸ್ತೆಯವರೆಗೆ, ನೆಲವೂ ಸದ್ದೂ ಅವನಿಗೆ ಬಾಯಿಪಾಠವಾಗಿರುವ ದಾರಿಯಲ್ಲಿ, ಅದನ್ನು ಆಫ್ ಮಾಡಿರುತ್ತಾನೆ. ಅಂಗಡಿಸಾಲು ಶುರುವಾದೊಡನೆ ಹೆಬ್ಬೆರಳಿನಿಂದ ಹಚ್ಚುತ್ತಾನೆ. ಮಾರುಕಟ್ಟೆಯ ಜನದಟ್ಟಣೆಯೊಳಗೆ ಹೊಕ್ಕರೆ ಪ್ರತಿಯೊಬ್ಬರ ಬೆನ್ನಿಗೂ ಅದು ಅಲುಗುತ್ತದೆಂದು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಬರಿ ಕೋಲಿನ ತುದಿಯನ್ನು ಆಡಿಸುತ್ತಾ ಹೋಗುತ್ತಾನೆ. ಮೊನ್ನೆ ಜೊತೆಗೆ ಹೋಗಿದ್ದೆ. ಹಣೆಗೆ ತಾಗಿದ ತಗಡಿನ ಅಂಗಡಿಯ ಹತ್ತಿರ ಬಂದಾಗ ಅವನು ಪೆಟ್ಟಿಗೆಯನ್ನು ಹಚ್ಚಿ ನಿಂತ, ಕೈ ಚಾಚಿ ಆ ಮೂಲೆಯನ್ನು ಹುಡುಕಿ ಮುಟ್ಟಿದ, ಅಲ್ಲಿ ಯಾರೋ ಹಳೆಯ ಟೈರಿನ ತುಂಡೊಂದನ್ನು ಸಿಕ್ಕಿಸಿ ಕಟ್ಟಿದ್ದರು. ಅಂಗಡಿಯವರು ಒಳಗಿನಿಂದ, "ನಾನೇ ಕಟ್ಟಿದೆ ಮೇಷ್ಟ್ರೇ, ನಿಮಗೆ ಏಟಾದ ವಾರದಲ್ಲೇ," ಎಂದರು. ಅಣ್ಣ ತಗಡನ್ನು ಇನ್ನೊಂದು ಅಡಿ ಎತ್ತಿಸಲು ಏನು ಖರ್ಚಾಗುತ್ತದೆಂದು ವಿಚಾರಿಸಿದ.